ಕೋಡ್ ಬರೆದಾಯಿತು, ಊರಿಗೆ ತಲುಪಿಸುವುದು ಹೇಗೆ?

ರಾಯಚೂರು, ಗಂಗಾವತಿ, ಬಳ್ಳಾರಿ ಕಡೆ ಆ್ಯಪ್ ಬರೆಯಬಲ್ಲ ಹುಡುಗ ಹುಡುಗಿಯರಿಗೆ ಕೊರತೆಯಿಲ್ಲ. ಆದರೆ ಬರೆದ ಆ್ಯಪ್ ಜನರ ಫೋನಿಗೆ ಹೋಗುವ ದಾರಿಯಲ್ಲಿ ಬಹಳ ಜನ ನಿಂತುಬಿಡುತ್ತಾರೆ. ಹಂಚುವ ಯೋಚನೆ ಕೊನೆಗೆ ಬೇಡ, ಮೊದಲ ದಿನವೇ ಮಾಡಿ. ಒಂದು ಉದಾಹರಣೆ ಹಿಡಿದು ನೋಡೋಣ. ಸಿಂಧನೂರು ಕಡೆ ಭತ್ತ ಕೊಯ್ಯುವ ಮಷಿನ್ ಯಾರ ಗದ್ದೆಯಲ್ಲಿ ಎಷ್ಟು ತಾಸು ಓಡಿತು, ಬಾಡಿಗೆ ಎಷ್ಟಾಯಿತು ಎಂದು ಲೆಕ್ಕ ಇಡುವ ಆ್ಯಪ್.

ಮೊದಲು ಡ್ರೈವರ್ ಮತ್ತು ಮಾಲೀಕರ ಫೋನ್ ನೋಡಿ. ಯಾವ ಆಂಡ್ರಾಯ್ಡ್ ಆವೃತ್ತಿ, ಎಷ್ಟು ಜಾಗ ಖಾಲಿ ಇದೆ ಎಂದು ಬರೆದುಕೊಳ್ಳಿ. ಐಫೋನ್ ಸದ್ಯಕ್ಕೆ ಬಿಡಿ. ಆ್ಯಪಲ್‌ಗೆ ಆ್ಯಪ್ ಹಾಕಲು ವರ್ಷಕ್ಕೆ 99 ಡಾಲರ್ ಕಟ್ಟಬೇಕು, ಗೂಗಲ್ ಪ್ಲೇಗೆ ಒಂದೇ ಸಲ 25 ಡಾಲರ್.

ಗದ್ದೆಯಲ್ಲಿ ಸಿಗ್ನಲ್ ಬರುತ್ತದೆ, ಹೋಗುತ್ತದೆ. ಹಾಗಾಗಿ ಪ್ರತಿ ದಾಖಲೆ ಮೊದಲು ಫೋನಿನೊಳಗಿನ ಡೇಟಾಬೇಸ್ ಆದ ಎಸ್‌ಕ್ಯೂಲೈಟ್‌ನಲ್ಲಿ ಉಳಿಯಲಿ, ನೆಟ್ ಸಿಕ್ಕಾಗ ಸರ್ವರ್‌ಗೆ ಹೋಗಲಿ. ಪ್ರತಿ ದಾಖಲೆಗೂ ಫೋನಿನಲ್ಲೇ ಒಂದು ಬೇರೆ ಗುರುತು ಸಂಖ್ಯೆ ಕೊಡಿ. ಆಗ ಅದೇ ಲೆಕ್ಕ ಎರಡು ಸಲ ಹೋದರೂ ಬಾಡಿಗೆ ಎರಡು ಸಲ ಸೇರುವುದಿಲ್ಲ. ಮಷಿನ್ ಓಡುವಷ್ಟು ಹೊತ್ತೂ ಟೈಮರ್ ಓಡಿಸಲು ಹೋಗಬೇಡಿ. ಬ್ಯಾಟರಿ ಉಳಿಸಲು ಎಷ್ಟೋ ಫೋನ್‌ಗಳು ಅದನ್ನು ನಿಲ್ಲಿಸಿಬಿಡುತ್ತವೆ. ಶುರುವಾದ ಹೊತ್ತು, ಮುಗಿದ ಹೊತ್ತು ಎರಡನ್ನೇ ಉಳಿಸಿ, ಒಂದರಿಂದ ಇನ್ನೊಂದನ್ನು ಕಳೆದು ತಾಸು ಲೆಕ್ಕ ಹಾಕಿ. ನಡುವೆ ಫೋನ್ ಆಫ್ ಆದರೂ ಲೆಕ್ಕ ತಪ್ಪದು.

ಬಟನ್‌ಗಳ ಎತ್ತರವನ್ನು ಇಂಗ್ಲಿಷ್ ಅಕ್ಷರಕ್ಕೆ ತಕ್ಕಂತೆ ಗಟ್ಟಿ ಮಾಡಿಟ್ಟರೆ 'ಒಟ್ಟು ಮೊತ್ತ'ದ ಒತ್ತಕ್ಷರಗಳು ಕೆಳಗೆ ಕತ್ತರಿಸಿ ಹೋಗುತ್ತವೆ. ಅಕ್ಷರ ದೊಡ್ಡದು ಮಾಡಿಕೊಂಡ ಹಿರಿಯರ ಫೋನಿನಲ್ಲಿ ಇನ್ನೂ ಜಾಸ್ತಿ. ಎತ್ತರ ತಾನಾಗಿ ಹಿಗ್ಗುವಂತೆ ಬಿಡಿ. ಪರೀಕ್ಷೆಯನ್ನು ಮಧ್ಯಾಹ್ನದ ಬಿಸಿಲಿನಲ್ಲೇ ನಿಂತು ಮಾಡಿ. ನಮ್ಮ ಬಿಸಿಲಿಗೆ ತಿಳಿ ಬೂದು ಬಣ್ಣದ ಅಕ್ಷರ ಕಾಣುವುದೇ ಇಲ್ಲ.

ಈಗ ಹಂಚಿಕೆ. ಸುಮ್ನೆ ಎಪಿಕೆ (ಆ್ಯಪನ್ನು ಫೋನಿಗೆ ನೇರವಾಗಿ ಹಾಕುವ) ಫೈಲ್ ಮಾಡಿ ವಾಟ್ಸ್ಆ್ಯಪ್ ಗುಂಪಿಗೆ ಹಾಕಿದರೆ ಮುಗೀತಲ್ವಾ ಎಂದು ಕೇಳುವವರಿದ್ದಾರೆ. ದಯವಿಟ್ಟು ಹಾಗೆ ಮಾಡಬೇಡಿ. ಪಿಎಂ ಕಿಸಾನ್ ಹೆಸರಿನಲ್ಲಿ ನಕಲಿ ಎಪಿಕೆ ಕಳಿಸಿ ಖಾತೆ ಬರಿದು ಮಾಡುವ ವಂಚಕರು ಬರುವುದೂ ಇದೇ ದಾರಿಯಲ್ಲಿ. ಗೊತ್ತಿಲ್ಲದ ಫೈಲ್ ಒತ್ತುವ ಅಭ್ಯಾಸವನ್ನು ನಾವೇ ನಮ್ಮ ರೈತರಿಗೆ ಕಲಿಸಬಾರದು. ತಾಂತ್ರಿಕ ತೊಡಕೂ ಇದೆ. ನೀವು ಕೈಯಿಂದ ಹಂಚಿದ್ದಕ್ಕೆ ನಿಮ್ಮ ಸಹಿ ಕೀಲಿ (ಆ್ಯಪ್ ಯಾರದೆಂದು ಫೋನಿಗೆ ತಿಳಿಸುವ ಡಿಜಿಟಲ್ ಸಹಿ), ಪ್ಲೇ ಸ್ಟೋರ್‌ನಿಂದ ಬರುವುದಕ್ಕೆ ಸಾಮಾನ್ಯವಾಗಿ ಗೂಗಲ್ ಇಟ್ಟುಕೊಳ್ಳುವ ಕೀಲಿ. ಎರಡೂ ಬೇರೆಯಾದರೆ ಒಂದರ ಮೇಲೊಂದು ಅಪ್‌ಡೇಟ್ ಆಗದು. ಹಳೆಯದನ್ನು ಅಳಿಸಬೇಕು, ಸರ್ವರ್‌ಗೆ ಹೋಗದ ಲೆಕ್ಕವೂ ಅದರ ಜೊತೆಗೇ ಹೋಗುತ್ತದೆ.

ಪ್ಲೇ ಸ್ಟೋರ್ ದಾರಿ ನಿಧಾನ, ಆದರೆ ಗಟ್ಟಿ. 2023ರ ನವೆಂಬರ್ 13ರ ನಂತರ ತೆರೆದ ವೈಯಕ್ತಿಕ ಖಾತೆಯಾದರೆ, ಆ್ಯಪ್ ಎಲ್ಲರಿಗೂ ಪ್ರಕಟವಾಗುವ ಮೊದಲು ಕನಿಷ್ಠ 12 ಜನ ಸತತ 14 ದಿನ ನಿಮ್ಮ ಪರೀಕ್ಷಾ ಗುಂಪಿನಲ್ಲಿ ಇರಬೇಕು. ಮೊದಲು ಈ ಸಂಖ್ಯೆ 20 ಇತ್ತು. ನಡುವೆ ಕೆಲವರು ಬಿಟ್ಟುಹೋಗಬಹುದು, ಆದ್ದರಿಂದ 12ಕ್ಕಿಂತ ಜಾಸ್ತಿ ಜನರನ್ನೇ ಸೇರಿಸಿ. ಇಂಟರ್ನೆಟ್‌ನಲ್ಲಿ ದುಡ್ಡಿಗೆ ಸಿಗುವ ಪರೀಕ್ಷಕರನ್ನು ಹುಡುಕಬೇಡಿ. ಮಷಿನ್ ಮಾಲೀಕರು, ಡ್ರೈವರ್‌ಗಳು, ಲೆಕ್ಕ ಬರೆಯುವ ಹುಡುಗರನ್ನೇ ಸೇರಿಸಿ. ಅವರ ಜಿಮೇಲ್ ವಿಳಾಸ ಬೇಕಾಗುತ್ತದೆ. ಬಹಳ ಜನರಿಗೆ ತಮ್ಮದು ಯಾವುದೆಂದೇ ನೆನಪಿರುವುದಿಲ್ಲ. ಪಕ್ಕದಲ್ಲಿ ಕುಳಿತು ಪ್ಲೇ ಸ್ಟೋರ್ ತೆರೆದು ತೋರಿಸಿ. ಅವರು ಹೇಳಿದ ದೂರುಗಳನ್ನು ಬರೆದಿಡಿ, ಪ್ರಕಟಣೆಗೆ ಅರ್ಜಿ ಹಾಕುವಾಗ ಗೂಗಲ್ ಅದನ್ನೇ ಕೇಳುತ್ತದೆ.

ಖಾಸಗಿತನ ನೀತಿಯ ಪುಟದ ಕೊಂಡಿ ಕಡ್ಡಾಯ. ಬೇಡದ ಅನುಮತಿ ಕೇಳಬೇಡಿ. ಬಾಡಿಗೆ ಲೆಕ್ಕಕ್ಕೆ ಎಸ್‌ಎಂಎಸ್ ಓದುವ ಕೆಲಸವೇನು? ಪ್ಯಾಕೇಜ್ ಹೆಸರನ್ನು, ಅಂದರೆ ಪ್ಲೇ ಸ್ಟೋರ್ ನಿಮ್ಮ ಆ್ಯಪನ್ನು ಗುರುತಿಸುವ ಒಳ ಹೆಸರನ್ನು, ಯೋಚಿಸಿ ಇಡಿ, ಒಮ್ಮೆ ಪ್ರಕಟವಾದರೆ ಬದಲಿಸಲಾಗದು.

ಇನ್ನು ಅಪ್‌ಡೇಟ್. ಆ್ಯಪ್ ಯಾವ ಆಂಡ್ರಾಯ್ಡ್‌ಗೆ ಹೊಂದಬೇಕು ಎಂಬ ಮಟ್ಟವನ್ನು ಗೂಗಲ್ ವರ್ಷವರ್ಷ ಏರಿಸುತ್ತದೆ. 2023, 2024, 2025ರಲ್ಲಿ ಗಡುವು ಆಗಸ್ಟ್ 31 ಆಗಿತ್ತು. ಮುಂಗಾರು ಭತ್ತದ ಕೊಯ್ಲು ಅದಾದ ಮೇಲೆ ಬರುತ್ತದೆ, ಆದ್ದರಿಂದ ನಾಟಿಯ ದಿನಗಳಲ್ಲೇ ಈ ಕೆಲಸ ಮುಗಿಸಿಕೊಳ್ಳಿ. ಸುಗ್ಗಿಯಲ್ಲಿ ಹೊಸ ಸೌಲಭ್ಯ ಸೇರಿಸಬೇಡಿ. ತುರ್ತು ದೋಷ ಸರಿಪಡಿಸಲೇಬೇಕಾದರೆ ಮೊದಲು ಶೇ 10ರಷ್ಟು ಬಳಕೆದಾರರಿಗೆ ಮಾತ್ರ ಬಿಡುಗಡೆ ಮಾಡಿ. ಒಂದೆರಡು ದಿನ ದೂರು ಬರದಿದ್ದರೆ ಉಳಿದವರಿಗೂ ಬಿಡಿ.