ಐಕ್ಲರ್ ಮನೆಯ ಪುಟ್ಟ ಬಚ್ಚಲು

ಕ್ಯಾಲಿಫೋರ್ನಿಯದ ಸನ್ನಿವೇಲ್‌ನಲ್ಲಿ ನಾವು ಕೊಂಡದ್ದು ಜೋಸೆಫ್ ಐಕ್ಲರ್ ಕಟ್ಟಿಸಿದ ಮನೆಗಳಲ್ಲೊಂದು. 1949ರಿಂದಾಚೆಗೆ ಸುಮಾರು ಎರಡು ದಶಕಗಳ ಕಾಲ ಆತ ಆ ರಾಜ್ಯದಲ್ಲಿ ಇಂಥ ಸಾವಿರಾರು ಮನೆಗಳನ್ನು ಕಟ್ಟಿಸಿದ: ತಗ್ಗು ಚಾವಣಿ, ಮರೆಮಾಚದ ತೊಲೆಗಳು, ಹಿತ್ತಲಿನ ಕಡೆ ಗೋಡೆಗೆ ಬದಲು ಗಾಜು. ಹಜಾರಕ್ಕೆ ಇಷ್ಟೆಲ್ಲ ಧಾರಾಳತನ ತೋರಿದವನು ಬಚ್ಚಲಿಗೆ ಕೊಟ್ಟದ್ದು 5 ಅಡಿಗೆ 8 ಅಡಿ. ಹಿಂದಿನ ಮಾಲೀಕರು ಅದಕ್ಕೂ ಕಂದು ಗ್ರಾನೈಟ್, ಉಬ್ಬು ಕೆತ್ತನೆಯ ಬೀರು ಹಾಕಿಸಿ ಮದುವೆ ಛತ್ರದ ಕಳೆ ತಂದಿದ್ದರು.

ಇಂಥ ಮನೆಗಳದ್ದು ಮಿಡ್‌ಸೆಂಚುರಿ ಮಾಡರ್ನ್, ಅಂದರೆ ಕಳೆದ ಶತಮಾನದ ನಡುಭಾಗದ ಸರಳ ಶೈಲಿ. ಆ ಹೆಸರು ಕೇಳಿದೊಡನೆ ಸ್ಪುಟ್ನಿಕ್ ದೀಪ, ಕಿರಣಗಳ ಗಡಿಯಾರ ಎಂದು ಸಾಮಾನು ತುಂಬುವವರಿದ್ದಾರೆ. 40 ಚದರಡಿಯಲ್ಲಿ ಅದು ಸಂತೆಯಾಗುತ್ತದೆ. ನೆಲ ಆದಷ್ಟೂ ಕಾಣಬೇಕು, ಉಳಿದದ್ದು ಆಮೇಲೆ ಎಂದುಕೊಂಡು ಈ ಬಚ್ಚಲನ್ನು ಹೊಸದಾಗಿಸಲು ನಾನು ಹೊರಟೆ.

ಹಾಗಾಗಿ ಸಿಂಕಿನ ಬೀರಿಗೆ ಕಾಲುಗಳಿಲ್ಲ, ಗೋಡೆಗೇ ತೂಗುಹಾಕಿದ್ದು. ಗೋಡೆಯೊಳಗಿನ ಮರದ ಕಂಬಗಳ ನಡುವೆ ದಪ್ಪ ಅಡ್ಡಪಟ್ಟಿ ಕೂರಿಸಿ, ತಿರುಪುಗಳನ್ನು ಅದಕ್ಕೇ ಬಿಗಿಯಬೇಕು. ಗೋಡೆಗೆ ಹೊದಿಸಿದ ಬರಿಯ ಜಿಪ್ಸಮ್ ಹಲಗೆ ಆ ಭಾರ ತಡೆಯದು. ವಾಲ್ನಟ್ ಪದರದ ಪ್ಲೈವುಡ್ಡಿನ ಒಂದೇ ಹಾಳೆಯಿಂದ ಎರಡೂ ಡ್ರಾಯರ್‌ಗಳ ಮುಖ ಕತ್ತರಿಸಿದ್ದರಿಂದ ಮರದ ಗೆರೆಗಳು ಈ ಕೊನೆಯಿಂದ ಆ ಕೊನೆಗೆ ಕಡಿಯದೆ ಹರಿಯುತ್ತವೆ. ಹಿಡಿಕೆಗಳಿಲ್ಲ, ಮೇಲಂಚಿನಲ್ಲಿ ಬೆರಳು ತೂರುವಷ್ಟು ಸಂದು. ಪಾಲಿಯುರೇಥೇನ್ ವಾರ್ನಿಷನ್ನು ಕಣ್ಣಿಗೆ ಬೀಳದ ತಳಕ್ಕೂ ಅಂಚುಗಳಿಗೂ ಬಳಿಯಲೇಬೇಕು, ತೇವ ನುಗ್ಗುವುದೇ ಅಲ್ಲಿಂದ. ಬೀರಿನ ಕೆಳಗೆ 14 ಇಂಚು ಖಾಲಿ. ಊರಿನಿಂದ ಅಮ್ಮ ಬಂದಾಗ ಬಕೆಟ್ಟು, ಚೊಂಬು ಬೇಕೇ ಬೇಕು. ಅವಕ್ಕೆ ಅದೇ ಜಾಗ. ಶೈಲಿಯ ಮಡಿವಂತರು ಮೂಗು ಮುರಿದರೆ ಮುರಿಯಲಿ.

ಕಮೋಡನ್ನೂ ಗೋಡೆಗೆ ತೂಗುಹಾಕುವ ಆಸೆಯಿತ್ತು, ಕೈಬಿಟ್ಟೆ. ಈ ಮನೆಗಳನ್ನು ಬೆಚ್ಚಗಿಡುವ ಬಿಸಿನೀರಿನ ಕೊಳವೆಗಳು ಕಾಂಕ್ರೀಟ್ ನೆಲದೊಳಗೇ ಇವೆ. ಕಮೋಡಿನ ಕೊಳವೆಯನ್ನು ಗೋಡೆಗೆ ಸರಿಸಬೇಕಾದರೆ ಆ ನೆಲ ಒಡೆಯಬೇಕು, ಬಿಸಿನೀರಿನ ಕೊಳವೆಗೆ ಪೆಟ್ಟು ಬಿದ್ದರೆ ಇಡೀ ಮನೆಯ ಶಾಖಕ್ಕೇ ಸಂಚಕಾರ. ಅವು ಎಲ್ಲಿವೆ ಎಂದು ತಿಳಿಯುವ ಉಪಾಯ ಸರಳ: ತಣ್ಣಗಿರುವ ನೆಲಕ್ಕೆ ಬೆಳಗ್ಗೆ ಬಿಸಿ ಹರಿಸಲು ಶುರುಮಾಡಿ ಥರ್ಮಲ್ ಕ್ಯಾಮೆರಾ ಹಿಡಿದರೆ ಕೊಳವೆಗಳು ಕಿತ್ತಳೆ ಬಣ್ಣದ ಹಾವುಗಳಂತೆ ಪರದೆಯ ಮೇಲೆ ಮೂಡುತ್ತವೆ. ಅವನ್ನು ಸೀಮೆಸುಣ್ಣದಿಂದ ಗುರುತು ಹಾಕಿಕೊಂಡ ಮೇಲೆಯೇ ಡ್ರಿಲ್ ಮುಟ್ಟಿದೆ. ಆ ಕಾಲದ ನೆಲದ ಹಾಸುಗಳಲ್ಲೂ ಅವುಗಳಡಿಯ ಕಪ್ಪು ಅಂಟಿನಲ್ಲೂ ಕಲ್ನಾರು (ಆಸ್ಬೆಸ್ಟಾಸ್) ಇರುವ ಸಂಭವ ಹೆಚ್ಚು. ಪ್ರಯೋಗಾಲಯದ ವರದಿ ಕೈಗೆ ಬರುವ ಮುನ್ನ ಒಂದು ತುಂಡನ್ನೂ ಕೆರೆಯಬೇಡಿ.

ನೆಲಕ್ಕೆ 1 ಇಂಚಿನ, ಹೊಳಪಿಲ್ಲದ ಪೋರ್ಸಲಿನ್ ಚೌಕಗಳು, ಬೂದಿ ಬಿಳುಪು. ಸಂದುಗಳು ಹೆಚ್ಚಿದ್ದಷ್ಟೂ ಒದ್ದೆ ಕಾಲಿಗೆ ಹಿಡಿತ ಹೆಚ್ಚು. ಸಂದು ತುಂಬುವ ಗ್ರೌಟ್ ಕೂಡ ಅದೇ ಬಣ್ಣದ್ದು. ಇಲ್ಲದಿದ್ದರೆ ಪುಟ್ಟ ನೆಲ ಚದುರಂಗದ ಮಣೆಯಾಗುತ್ತದೆ. ಷವರಿನ ಗೋಡೆಗೆ ನೀಲಿ ಹಸಿರಿನ ಉದ್ದ ಟೈಲ್‌ಗಳನ್ನು ಇಟ್ಟಿಗೆ ವರಸೆಯಲ್ಲಿ ಕೂಡಿಸದೆ ಒಂದರ ಮೇಲೊಂದು ನೇರವಾಗಿ ಪೇರಿಸಿದೆವು. ನೋಡಲು ಸಲೀಸು, ಮಾಡಲು ಕಷ್ಟ: ಅರವತ್ತು ವರ್ಷದ ಗೋಡೆ ಕೂದಲೆಳೆ ವಾಲಿದ್ದರೂ ಸಂದುಗಳು ಅದನ್ನು ಸಾರಿ ಹೇಳುತ್ತವೆ. ಮೊದಲ ಸಾಲಿಗೆ ಮಟ್ಟ ಹಿಡಿದ ಮರದ ಪಟ್ಟಿ ಆಧಾರವಾಯಿತು, ಕತ್ತರಿಸಿದ ತೆಳು ತುಂಡುಗಳೆಲ್ಲ ಪರದೆ ಮರೆಸುವ ಮೂಲೆಗೆ ಹೋದವು. ಬಣ್ಣ ಇದೊಂದೇ, ಮಿಕ್ಕ ಗೋಡೆಗಳು ಬಿಳಿ, ನಲ್ಲಿಗಳು ಕ್ರೋಮ್. ಹಿತ್ತಾಳೆ ಈಗಿನ ಫ್ಯಾಷನ್ನು, ಸಾಧಾರಣ ಸಂಸಾರಕ್ಕೆಂದು ಕಟ್ಟಿದ ಇಂಥ ಮನೆಗೆ ಕ್ರೋಮೇ ಸರಿ.

ದೀಪಕ್ಕೆ ಹಾಲುಬಿಳಿ ಗಾಜಿನ ಗೋಳ ಸಾಕು. ತೇವದ ಜಾಗಕ್ಕೆ ತಕ್ಕದ್ದೆಂಬ ಗುರುತು ಪೆಟ್ಟಿಗೆಯ ಮೇಲಿರಲಿ. ಎಕ್ಸಾಸ್ಟ್ ಫ್ಯಾನ್ ತಲೆನೋವು ಕೊಟ್ಟಿತು. ಚಾವಣಿಯ ಹಲಗೆಗಳ ಮೇಲೆ ನೇರವಾಗಿ ಮನೆಯ ಮಾಡು, ನಡುವೆ ಅಟ್ಟವಿಲ್ಲ, ಕೊಳವೆ ಎಳೆಯಲು ಜಾಗವೇ ಇಲ್ಲ. ಹೊರಗೋಡೆಯಲ್ಲೇ ತೂತು ಕೊರೆದು ಅಲ್ಲೇ ಫ್ಯಾನ್ ಕೂರಿಸಿದೆವು. ಸದ್ದು ಸ್ವಲ್ಪ ಜಾಸ್ತಿ, ಆದರೆ ವಾಲ್ನಟ್ ಉಬ್ಬಿಲ್ಲ.