ಹಿರಿಯರ ಹೆಸರು ಹುಡುಕುವವರಿಗೆ

ಮನೆತನದ ಹಿಂದಿನ ತಲೆಮಾರು ಹುಡುಕುತ್ತಿದ್ದೀರಾ? ಮೊದಲು ಅಟ್ಟದ ಪೆಟ್ಟಿಗೆ ತೆಗೆಯಿರಿ. ಹಳೆಯ ಪಹಣಿ, ಗೇಣಿ ಚೀಟಿ, ಜಾತಕ, ಏನಿದ್ದರೂ ಫೋಟೋ ತೆಗೆದಿಟ್ಟುಕೊಳ್ಳಿ.

ಆಮೇಲೆ ಸರ್ವೆ ನಂಬರ್ ಹಿಡಿದು ತಾಲೂಕು ಕಚೇರಿಯ ರೆಕಾರ್ಡ್ ರೂಮಿಗೆ ಹೋಗಿ. ಕೈಬರಹದ ಹಳೆಯ ಪಹಣಿ, ಮ್ಯುಟೇಶನ್ (ಜಮೀನಿನ ಹಕ್ಕು ಬದಲಾವಣೆಯ ದಾಖಲೆ) ನಕಲಿಗೆ ಅರ್ಜಿ ಕೊಡಿ. ಯಜಮಾನ ತೀರಿಕೊಂಡಾಗ ಜಮೀನು ವಾರಸುದಾರರ ಹೆಸರಿಗೆ ವಾರಸಾ ಆಗುತ್ತದೆ ಅಲ್ವಾ, ಆ ಒಂದೇ ನಮೂದಿನಲ್ಲಿ ಹೆಂಡತಿ, ಮಕ್ಕಳ ಹೆಸರು ಸಿಗಬಹುದು. ಗೇಣಿ ಮಾಡುತ್ತಿದ್ದ ಮನೆಯವರಾದರೆ, ಭೂ ಸುಧಾರಣಾ ಕಾಯ್ದೆಯ 1974ರ ತಿದ್ದುಪಡಿಯ ನಂತರ ಗೇಣಿದಾರರು ಜಮೀನಿನ ಹಕ್ಕು ಕೇಳಿ ಭೂ ನ್ಯಾಯಮಂಡಳಿಗೆ ಕೊಟ್ಟ ಅರ್ಜಿ, ಅಂದರೆ ಫಾರಂ 7ರ ಕಡತವನ್ನು ಬಿಡಲೇಬೇಡಿ. ಯಾರು ಯಾವ ಜಮೀನು ಮಾಡುತ್ತಿದ್ದರು, ಒಡೆಯರು ಯಾರು ಎಂಬುದು ಅದರಲ್ಲಿರುತ್ತದೆ. ನನ್ನ ಮುತ್ತಜ್ಜನ ಹೆಸರನ್ನು ನಾನು ಮೊದಲ ಸಲ ಓದಿದ್ದು ಅಂಥದ್ದೇ ಕಡತದಲ್ಲಿ. ಕಣ್ಣು ತುಂಬಿ ಬಂತು.

ನಮ್ಮ ಉತ್ತರ ಕನ್ನಡ ಜಿಲ್ಲೆ 1862ರವರೆಗೆ ಮದ್ರಾಸ್ ಪ್ರಾಂತ್ಯದಲ್ಲಿತ್ತು. ಆಮೇಲೆ 1956ರವರೆಗೆ ಮುಂಬಯಿಗೆ ಸೇರಿತ್ತು. ಹಾಗಾಗಿ ಸರ್ಕಾರದ ಹಳೆಯ ದಾಖಲೆಗಳಿಗೆ ಬೆಂಗಳೂರಿನಲ್ಲಷ್ಟೇ ಹುಡುಕಿದರೆ ಸಾಲದು, ಚೆನ್ನೈ ಮತ್ತು ಮುಂಬಯಿಯ ಪತ್ರಾಗಾರಗಳನ್ನೂ ವಿಚಾರಿಸಿ. ಅಕ್ಷರ ಗೊತ್ತಾಗದಿದ್ದರೆ ಕಾಗದ ಎಸೆಯಬೇಡಿ, ಅದು ಮರಾಠಿಯ ಮೋಡಿ ಲಿಪಿ ಇರಬಹುದು.

ಕಾರವಾರ, ಅಂಕೋಲಾ, ಕುಮಟಾ ಕಡೆಯ ಎಷ್ಟೋ ಕೊಂಕಣಿ ಮನೆತನಗಳ ಕುಲದೇವರು ಗೋವಾದಲ್ಲಿದ್ದಾರೆ. ದೇವಸ್ಥಾನ ಯಾವುದೆಂದು ತಿಳಿದರೆ ಮೂಲ ಊರಿನ ಸುಳಿವು ಸಿಗುತ್ತದೆ. ಮದುವೆಯಲ್ಲಿ ಹೆಸರು ಬದಲಿಸುವ ಪದ್ಧತಿಯಿದ್ದ ಮನೆಗಳಲ್ಲಿ ಅಜ್ಜಿಯರ ತವರಿನ ಹೆಸರನ್ನು ಬೇರೆಯಾಗಿ ಬರೆದಿಡಿ. ಇದನ್ನು ಹೇಳಬಲ್ಲ ಹಿರಿಯರು ಮನೆಯಲ್ಲಿದ್ದರೆ ಈ ವಾರವೇ ಕೂತು ಕೇಳಿ, ಮೊಬೈಲಿನಲ್ಲಿ ರೆಕಾರ್ಡ್ ಮಾಡಿಕೊಳ್ಳಿ.