ಸಂತೆ ದಿನದ ಉಬ್ಬಸ ತಪಾಸಣೆ: ನನ್ನ ಅನುಭವ

ಮಲೆನಾಡಿನ ಒಂದು ಸಣ್ಣ ಊರಿನಲ್ಲಿ ನನ್ನ ಕ್ಲಿನಿಕ್ ಇದೆ. ಮೊದಲ ಕೆಲವು ವರ್ಷ ಉಬ್ಬಸದವರನ್ನು ನಾನು ನೋಡುತ್ತಿದ್ದದ್ದು ಅವರಿಗೆ ದಮ್ಮು ಕಟ್ಟಿದಾಗ ಮಾತ್ರ. ರಾತ್ರಿ ಆಟೋದಲ್ಲಿ ಕರೆತರುತ್ತಿದ್ದರು. ಔಷಧಿಯನ್ನು ಮಂಜಿನ ಹಾಗೆ ಮಾಡಿ ಉಸಿರಿಗೆ ಕೊಡುವ ನೆಬುಲೈಸರ್ ಹಾಕಿದರೆ ಉಸಿರು ಹಗುರಾಗುತ್ತಿತ್ತು, ಮನೆಗೆ ಹೋಗುತ್ತಿದ್ದರು. ಮತ್ತೆ ಬರುತ್ತಿದ್ದದ್ದು ಇನ್ನೊಂದು ಅಂಥದ್ದೇ ರಾತ್ರಿ. ಚೆನ್ನಾಗಿದ್ದಾಗ ಸುಮ್ನೆ ಯಾಕೆ ಡಾಕ್ಟರ ಹತ್ತಿರ ಹೋಗಬೇಕು ಅಂತ ಅವರಿಗೆ. ಬನ್ನಿ ಅಂತ ನಾನೂ ಹೇಳುತ್ತಿರಲಿಲ್ಲ.

ಒಂದು ಮಳೆಗಾಲದಲ್ಲಿ ಒಬ್ಬ ಅಜ್ಜಿ ನಾಲ್ಕನೇ ಸಲ ಬಂದರು. ಬೀಡಿ ಮುಟ್ಟಿದವರಲ್ಲ. ಆದರೆ ಮದುವೆಯಾದ ದಿನದಿಂದ ಸೌದೆ ಒಲೆಯ ಮುಂದೆ ಕೂತವರು. ಆ ಹೊಗೆಯಿಂದಲೇ ಸಿಒಪಿಡಿ, ಅಂದರೆ ಉಸಿರಿನ ದಾರಿ ಕಿರಿದಾಗಿ ಬಹುಕಾಲ ಕಾಡುವ ಶ್ವಾಸಕೋಶದ ಕಾಯಿಲೆ. "ಔಷಧಿ ದಿನಾ ತಗೋತಿದ್ದೀರಾ ಅಜ್ಜಿ?" ಅಂದೆ. "ಒಂದು ದಿನಾನೂ ತಪ್ಪಿಸಿಲ್ಲ ಡಾಕ್ಟ್ರೇ" ಅಂದರು. ಹಾಗಾದರೆ ಹೇಗೆ ತಗೋತೀರಿ, ತೋರಿಸಿ ಅಂದೆ. ಎಲೆ ಅಡಿಕೆ ಚೀಲದಿಂದ ಪಂಪ್, ಅಂದರೆ ಔಷಧಿಯನ್ನು ಉಸಿರಿನ ಜೊತೆ ಎಳೆದುಕೊಳ್ಳುವ ಇನ್ಹೇಲರ್, ತೆಗೆದರು. ಅಲ್ಲಾಡಿಸಲಿಲ್ಲ. ಬಾಯಿ ಅಗಲಿಸಿ ಒತ್ತಿದರು, ಆಮೇಲೆ ಉಸಿರೆಳೆದರು. ಅಷ್ಟರಲ್ಲಿ ಔಷಧಿಯೆಲ್ಲ ಬಿಳಿ ಹೊಗೆಯಾಗಿ ತುಟಿಯಂಚಿನಿಂದ ಹೊರಗೆ ಹೋಗಿತ್ತು. ಎದೆಗೆ ಇಳಿದದ್ದು ಏನೂ ಇಲ್ಲ. ಎಂಟು ತಿಂಗಳಿಂದ ಹೀಗೇ ನಡೆದಿತ್ತು. ನಾನು ಡೋಸ್ ಜಾಸ್ತಿ ಮಾಡುತ್ತಾ ಹೋಗಿದ್ದೆ. ಒಂದೇ ಒಂದು ಸಲ ತೋರಿಸಿ ಅಂತ ಕೇಳಿರಲಿಲ್ಲ. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ನಮ್ಮೂರ ಸಂತೆ ಗುರುವಾರ. ಹಳ್ಳಿಯವರು ಹೇಗೂ ಪೇಟೆಗೆ ಬರುತ್ತಾರೆ, ಬೇರೆ ಬಸ್ ಚಾರ್ಜ್ ಬೇಕಿಲ್ಲ. ಅದಕ್ಕೆ ಗುರುವಾರ ಮಧ್ಯಾಹ್ನವನ್ನು ಉಬ್ಬಸ ಮತ್ತು ಸಿಒಪಿಡಿಯವರಿಗೆ ಅಂತಲೇ ಇಟ್ಟೆ. ಹೊಸದಾಗಿ ಔಷಧಿ ಶುರು ಮಾಡಿದವರು ಒಂದರಿಂದ ಮೂರು ತಿಂಗಳೊಳಗೆ ಬರಬೇಕು. ಹತೋಟಿಗೆ ಬಂದ ಮೇಲೆ ಮೂರು ತಿಂಗಳಿಗೊಮ್ಮೆ, ತೀರಾ ಚೆನ್ನಾಗಿದ್ದರೆ ವರ್ಷಕ್ಕೊಮ್ಮೆಯಾದರೂ. ನಡುವೆ ದಮ್ಮು ಜೋರಾಗಿ ಆಸ್ಪತ್ರೆ ಕಂಡವರು ಒಂದು ವಾರದೊಳಗೆ. ಒಂದೇ ಷರತ್ತು, ಮನೆಯಲ್ಲಿರುವ ಪಂಪ್, ಮಾತ್ರೆ ಎಲ್ಲ ಚೀಲದಲ್ಲಿ ಹಾಕಿಕೊಂಡು ಬರಬೇಕು.

ಮೊದಲ ಕೆಲಸ ಆ ಚೀಲ ಬಿಚ್ಚುವುದು. ನನ್ನೆದುರೇ ಪಂಪ್ ತಗೊಳ್ಳಬೇಕು. ಚೆನ್ನಾಗಿ ಅಲ್ಲಾಡಿಸಿ, ಉಸಿರು ಪೂರ್ತಿ ಹೊರಬಿಟ್ಟು, ತುಟಿ ಬಿಗಿಮಾಡಿ, ನಿಧಾನ ಎಳೆಯಲು ಶುರು ಮಾಡಿದಾಗ ಒತ್ತಬೇಕು. ಆಮೇಲೆ ಹತ್ತು ಎಣಿಸುವವರೆಗೆ ಉಸಿರು ಹಿಡಿಯಬೇಕು. ಕೈ ಮತ್ತು ಉಸಿರು ಕೂಡಿಬರದ ವಯಸ್ಸಾದವರಿಗೆ ಸ್ಪೇಸರ್ ಕೊಡುತ್ತೇನೆ, ಪಂಪಿಗೆ ಸಿಕ್ಕಿಸಿ ಔಷಧಿಯನ್ನು ನಿಧಾನ ಎಳೆದುಕೊಳ್ಳುವ ಕೊಳವೆ ಅದು. ಸ್ಟಿರಾಯ್ಡ್ ಇರುವ ಪಂಪ್ ಆದರೆ ಬಾಯಿ ಮುಕ್ಕಳಿಸಿ ಉಗಿಯಬೇಕು, ಇಲ್ಲದಿದ್ದರೆ ನಾಲಿಗೆ ಮೇಲೆ ಬಿಳಿ ಕಟ್ಟುತ್ತದೆ. ಇವತ್ತು ಸರಿಯಾಗಿ ಕಲಿತವರು ಮೂರು ತಿಂಗಳಲ್ಲಿ ಮರೆತಿರುತ್ತಾರೆ. ಅದಕ್ಕೆ ಪ್ರತಿ ಸಲ ನೋಡುತ್ತೇನೆ. ಪುಡಿಯನ್ನು ಎಳೆದುಕೊಳ್ಳಬೇಕಾದ ಕ್ಯಾಪ್ಸೂಲನ್ನು ಕಾಫಿ ಜೊತೆ ನುಂಗುತ್ತಿದ್ದವರೂ ಹೀಗೆ ಕೇಳಿದಾಗಲೇ ಸಿಕ್ಕಿದ್ದು.

ದಿನಾ ತಗೊಳ್ಳುವ ಪಂಪಿಗೆ ಕೆಂಪು ಟೇಪು ಸುತ್ತಿ ಕೊಡುತ್ತೇನೆ. ಯಾಕೆಂದರೆ ಎಲ್ಲರೂ ಬಿಡುವುದು ಅದನ್ನೇ. ಕಷ್ಟ ಬಂದಾಗ ತಗೊಳ್ಳುವ ಪಂಪ್ ಕೆಲವೇ ನಿಮಿಷದಲ್ಲಿ ಹಾಯೆನಿಸುತ್ತದೆ, ದಿನದ ಪಂಪ್ ಹಾಗಲ್ಲ. ಮೇಲಿಂದ "ಪಂಪ್ ಚಟ ಆಗುತ್ತೆ" ಅನ್ನುವ ಹೆದರಿಕೆ. ಹೊಸದಾಗಿ ಮದುವೆಯಾದ ಹುಡುಗಿಯೊಬ್ಬಳು ಅತ್ತೆಗೆ ಗೊತ್ತಾಗಬಾರದೆಂದು ಪಂಪನ್ನು ಅಕ್ಕಿ ಡಬ್ಬಿಯಲ್ಲಿಟ್ಟಿದ್ದಳು. ಅತ್ತೆಯನ್ನೂ ಒಂದು ಗುರುವಾರ ಕರೆಸಿ ಮಾತಾಡಿದೆ. ಮೃಗಶಿರದ ಹೊತ್ತಿಗೆ ಹೈದರಾಬಾದಿನ ಮೀನಿನ ಮದ್ದು ನುಂಗಿ ಬರುವವರನ್ನೂ ನಾನು ಬೈಯುವುದಿಲ್ಲ. ಬೈದರೆ ಮುಂದಿನ ಸಲ ಹೇಳುವುದಿಲ್ಲ ಅಷ್ಟೆ. ಪಂಪ್ ಮಾತ್ರ ಒಂದು ದಿನವೂ ನಿಲ್ಲಿಸಬೇಡಿ ಅನ್ನುತ್ತೇನೆ.

ಹೇಗಿದ್ದೀರಿ ಅಂತ ಕೇಳಿದರೆ ಸಿಒಪಿಡಿಯವರೆಲ್ಲ "ಚೆನ್ನಾಗಿದ್ದೀನಿ" ಅನ್ನುತ್ತಾರೆ. ಯಾಕೆ ಚೆನ್ನಾಗಿದ್ದಾರೆ? ತೋಟಕ್ಕೆ ಹೋಗುವುದು ಬಿಟ್ಟಿದ್ದಾರೆ, ದೇವಸ್ಥಾನದ ಮೆಟ್ಟಿಲು ಹತ್ತುವುದು ಬಿಟ್ಟಿದ್ದಾರೆ. ಅದಕ್ಕೆ ನನ್ನ ಪ್ರಶ್ನೆ ಬೇರೆ: ಬಸ್ ಸ್ಟ್ಯಾಂಡಿನಿಂದ ಇಲ್ಲಿಗೆ ಬರುವಾಗ ಎಷ್ಟು ಕಡೆ ನಿಂತಿರಿ? ಪ್ರತಿ ಸಲ ಬರೆದಿಡುತ್ತೇನೆ. ತೂಕವನ್ನೂ ಬರೆಯುತ್ತೇನೆ, ಈ ಕಾಯಿಲೆಯಲ್ಲಿ ಮೈ ಕರಗುತ್ತದೆ. ಮೆಡಿಕಲ್‌ನಿಂದ ತಾವೇ ತಂದು ನುಂಗಿದ ಸ್ಟಿರಾಯ್ಡ್ ಮಾತ್ರೆಯ ಲೆಕ್ಕವನ್ನೂ ಕೇಳುತ್ತೇನೆ. ಅದು ಸಕ್ಕರೆ ಏರಿಸುತ್ತದೆ, ಮೂಳೆ ಸವೆಸುತ್ತದೆ. ವರ್ಷಕ್ಕೊಮ್ಮೆ ಸ್ಪೈರೊಮೆಟ್ರಿಗೆ, ಅಂದರೆ ಊದಿಸಿ ಶ್ವಾಸಕೋಶದ ಶಕ್ತಿ ಅಳೆಯುವ ಪರೀಕ್ಷೆಗೆ, ಜಿಲ್ಲಾ ಕೇಂದ್ರಕ್ಕೆ ಕಳಿಸುತ್ತೇನೆ. ಫ್ಲೂ ಲಸಿಕೆ ವರ್ಷಕ್ಕೊಂದು.

ಅಸ್ತಮಾದವರಿಗೆ, ಉಸಿರು ಎಷ್ಟು ಜೋರಾಗಿ ಹೊರಬರುತ್ತದೆ ಅಂತ ಊದಿ ನೋಡುವ ಪೀಕ್ ಫ್ಲೋ ಮೀಟರ್ ಕೊಳ್ಳಲು ಹೇಳುತ್ತೇನೆ. ಮೂರು ಸಲ ಊದಿ, ಅದರಲ್ಲಿ ಜಾಸ್ತಿ ಬಂದದ್ದನ್ನು ಬರೆದುಕೊಂಡರೆ ಆಯಿತು. ಶಾಲೆಯ ಟೀಚರ್ ಒಬ್ಬರ ಅತ್ಯುತ್ತಮ ಅಂಕಿ 380. ಅದರ ಶೇಕಡಾ 80 ಅಂದರೆ 304, ಅದಕ್ಕಿಂತ ಇಳಿದರೆ ಫೋನ್ ಮಾಡಿ ಅಂದಿದ್ದೆ. ಜೂನ್‌ನಲ್ಲಿ ಮಳೆ ಹಿಡಿದಾಗ ಅವರ ಪುಸ್ತಕದಲ್ಲಿ 370, 350, 320, 290 ಅಂತ ಇಳಿದಿತ್ತು. "ನನಗೇನೂ ಅನ್ನಿಸ್ತಿಲ್ಲ ಡಾಕ್ಟ್ರೇ, ನಂಬರ್ ಮಾತ್ರ ಇಳೀತಿದೆ" ಅಂತ ಫೋನ್ ಮಾಡಿದರು. ಅವತ್ತೇ ಔಷಧಿ ಬದಲಿಸಿದೆವು. ಆ ಮಳೆಗಾಲ ಅವರು ರಾತ್ರಿ ಆಟೋ ಹತ್ತಲಿಲ್ಲ.

ಅಜ್ಜಿ ಈಗಲೂ ಬರುತ್ತಾರೆ. ಮೊದಲ ಗುರುವಾರ ಬಸ್ ಸ್ಟ್ಯಾಂಡಿನಿಂದ ಐದು ಕಡೆ ನಿಂತಿದ್ದರು. ಕಳೆದ ಸಲ ಎರಡು ಕಡೆ. ಅದರಲ್ಲಿ ಒಂದು, ವೀಳ್ಯದೆಲೆ ಚೌಕಾಸಿ ಮಾಡಲು.

ಒಂದು ಮಾತು ಎಲ್ಲರ ಚೀಟಿಯ ಹಿಂದೆ ದಪ್ಪಕ್ಷರದಲ್ಲಿ ಬರೆದು ಕೊಡುತ್ತೇನೆ. ಒಂದು ವಾಕ್ಯ ಪೂರ್ತಿ ಮಾತಾಡಲು ಆಗದಷ್ಟು ಏದುಸಿರು ಬಂದರೆ, ತುಟಿ ನೀಲಿಯಾದರೆ, ಪಂಪ್ ತಗೊಂಡರೂ ತಗ್ಗದಿದ್ದರೆ, ಗುರುವಾರಕ್ಕೆ ಕಾಯಬೇಡಿ. ತಕ್ಷಣ ಹತ್ತಿರದ ಆಸ್ಪತ್ರೆಗೆ ಹೊರಡಿ, ಇಲ್ಲವೇ 108ಕ್ಕೆ ಫೋನ್ ಮಾಡಿ.